240 ಗಂಟೆಗಳ ಚೀನಾ ಪಂಡಿತರು

ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಹಾದುಹೋದ ಹ್ಯೂಯೆನ್ ತ್ಸಾಂಗ್ ನಮ್ಮ ದೇಶವನ್ನು ಅರಿಯುವುದಕ್ಕಾಗಿ ಸುಮಾರು ಹದಿನಾರು ವರ್ಷಗಳನ್ನು ಸುಮ್ಮನೆ ಕಳೆದುಬಿಟ್ಟ. ಅವನ ದೇಶದ ಈಗಿನ ವಲಸೆ ಆಡಳಿತಕ್ಕೆ ಕಾಲದ ಬೆಲೆ ಚೆನ್ನಾಗಿ ಗೊತ್ತು. ಮೊದಲು 72 ಗಂಟೆಗಳಿದ್ದು, ಆಮೇಲೆ 144 ಗಂಟೆಗಳಾಗಿದ್ದ ವೀಸಾರಹಿತ ತಂಗುವಿಕೆಯನ್ನು ಅದು 2024ರ ಡಿಸೆಂಬರ್ 17ರಂದು 240 ಗಂಟೆಗಳಿಗೆ ಹೆಚ್ಚಿಸಿತು. ಅಮೆರಿಕವೂ ಸೇರಿದಂತೆ ಐವತ್ತಕ್ಕೂ ಹೆಚ್ಚು ದೇಶಗಳ ಪ್ರಜೆಗಳು ಚೀನಾದಲ್ಲಿ ಇಳಿದು, ಹತ್ತು ದಿನ ಸುತ್ತಾಡಿ, ಮೂರನೆಯ ಒಂದು ದೇಶಕ್ಕೆ ಹೊರಟುಹೋದರೆ ವೀಸಾದ ಗೊಡವೆಯೇ ಇಲ್ಲ. ಭಾರತೀಯರು ಈ ಪಟ್ಟಿಯಲ್ಲಿಲ್ಲ. ನಾವು ಅರ್ಜಿ ತುಂಬಿ, ಭಾವಚಿತ್ರ ಅಂಟಿಸಿ, ಕಾದು ವೀಸಾ ಪಡೆಯಬೇಕಾಗಿರುವುದರಿಂದ ನಮ್ಮಲ್ಲಿ ಚೀನಾ ಪಂಡಿತರು ಹುಟ್ಟುವ ವೇಗ ಇನ್ನೂ ನಿಧಾನವಾಗಿಯೇ ಇದೆ.

ಪಶ್ಚಿಮದಲ್ಲಿ ಈ ವೇಗ ಬೆರಗು ಹುಟ್ಟಿಸುವಂತಿದೆ. ಅಮೆರಿಕದ ಒಬ್ಬ ತರುಣನನ್ನು ಊಹಿಸಿಕೊಳ್ಳಿ. ಅವನಿಗೆ ಹೆಸರಿಡುವ ಅಗತ್ಯವಿಲ್ಲ, ಏಕೆಂದರೆ ಅವನಂಥವರನ್ನು ನೀವು ಮೊಬೈಲಿನ ತೆರೆಯ ಮೇಲೆ ದಿನವೂ ನೋಡುತ್ತಿದ್ದೀರಿ. ಕಾಲರಿಗೆ ಪುಟ್ಟ ಮೈಕು, ಕೈಯಲ್ಲಿ ಸೆಲ್ಫಿ ಕೋಲು, ಮುಖದಲ್ಲಿ ಯಾವಾಗಲೂ ಈಗಷ್ಟೇ ಬೆಚ್ಚಿಬಿದ್ದವನ ಭಾವ. ಬೀಜಿಂಗ್ ವಿಮಾನ ನಿಲ್ದಾಣದಲ್ಲಿ ಸಾಮಾನು ಬರುವ ಮೊದಲೇ ಅವನು ತನ್ನ ಮೊದಲ ವಿಡಿಯೋದಲ್ಲಿ, ಮಾಧ್ಯಮಗಳು ತನಗೆ ಇಷ್ಟು ವರ್ಷ ಸುಳ್ಳು ಹೇಳಿದ್ದವೆಂದು ಘೋಷಿಸಿಯಾಗಿರುತ್ತದೆ. ಅವನು ಪತ್ರಿಕೆಗಳನ್ನು ನಂಬುವವನಲ್ಲ, ಟಿವಿಯನ್ನು ನಂಬುವವನಲ್ಲ, ತನ್ನ ದೇಶದ ಸರ್ಕಾರವನ್ನಂತೂ ಮೊದಲೇ ನಂಬುವವನಲ್ಲ. ಯಾರ ಮಾತನ್ನೂ ಪರೀಕ್ಷಿಸದೆ ಒಪ್ಪದ ಈ ಸಂಶಯವಾದಿ, ನಿಲ್ದಾಣದ ಹೊರಗೆ ಪುಟ್ಟ ತ್ರಿಕೋನ ಬಾವುಟ ಹಿಡಿದು ನಿಂತಿರುವ ಗೈಡನ್ನು ಕಂಡ ಕೂಡಲೇ ಹತ್ತು ದಿನಗಳ ಮಟ್ಟಿಗೆ ತನ್ನ ವಿವೇಕವನ್ನೆಲ್ಲ ಆ ಬಾವುಟದ ಕೋಲಿಗೆ ಕಟ್ಟಿಬಿಡುತ್ತಾನೆ.

ಗೈಡನ್ನು ಹಾಸ್ಯ ಮಾಡುವ ಉದ್ದೇಶ ನನಗಿಲ್ಲ. ಈ ಇಡೀ ವ್ಯವಹಾರದಲ್ಲಿ ತಾನು ಏನು ಮಾಡುತ್ತಿದ್ದೇನೆಂದು ಸ್ಪಷ್ಟವಾಗಿ ಬಲ್ಲವನು ಅವನೊಬ್ಬನೇ. ಪರೀಕ್ಷೆ ಬರೆದು, ಪರವಾನಗಿ ಪಡೆದು ಬಂದವನು. 1999ರಲ್ಲಿ ಜಾರಿಗೆ ಬಂದ ಗೈಡುಗಳ ನಿಯಮಾವಳಿಯ 11ನೆಯ ವಿಧಿ, ಕೆಲಸದ ಹೊತ್ತಿನಲ್ಲಿ ರಾಷ್ಟ್ರದ ಹಿತವನ್ನೂ ಘನತೆಯನ್ನೂ ಕಾಯುವುದು ಅವನ ಕರ್ತವ್ಯವೆಂದೂ ಅವುಗಳಿಗೆ ಕುಂದು ತರುವ ಮಾತನ್ನು ಆಡಕೂಡದೆಂದೂ ಬರೆದಿಟ್ಟಿದೆ. ಅದೇ ನಿಯಮಾವಳಿ ಪ್ರವಾಸಿಗಳಿಂದ ಬಾಯಿಬಿಟ್ಟಾಗಲಿ ಸೂಚ್ಯವಾಗಿಯಾಗಲಿ ಟಿಪ್ಸ್ ಕೇಳಬಾರದೆಂದೂ ಹೇಳುತ್ತದೆ. ಎರಡನೆಯದನ್ನು ಎಷ್ಟರ ಮಟ್ಟಿಗೆ ಪಾಲಿಸುತ್ತಾರೆಂಬುದು ಊರಿನಿಂದೂರಿಗೆ ಬೇರೆಯಾದರೂ ಮೊದಲನೆಯದರ ಪಾಲನೆಯಲ್ಲಿ ಲೋಪವಾಗುವುದು ಅಪರೂಪ. ಇದರಲ್ಲಿ ಗುಟ್ಟೇನೂ ಇಲ್ಲ, ಮುದ್ರಿತ ಕಾನೂನು. ಆದರೂ ಆ ಬಾವುಟದ ಹಿಂದೆ ಹತ್ತು ದಿನ ನಡೆದ ತರುಣ ತಾನು ಕಂಡದ್ದನ್ನು ಯಾರೂ ಸೋಸದ ಸತ್ಯವೆಂದು ಕರೆಯುತ್ತಾನೆ.

ಬೀಜಿಂಗಿನ ತಿಯಾನನ್ಮೆನ್ ಚೌಕದಲ್ಲಿ ನಡೆಯುವ ಸಂಭಾಷಣೆಯಂತೂ ಸ್ವಾರಸ್ಯಕರ. ಪ್ರಜಾಪ್ರಭುತ್ವ ಕೇಳಿದ ಚಳವಳಿಯನ್ನು 1989ರಲ್ಲಿ ಸೈನ್ಯ ಗುಂಡಿಟ್ಟು ಹತ್ತಿಕ್ಕಿದ ಜಾಗ ಅದು, ಚೀನಾದಲ್ಲಿ ಆ ಬಗ್ಗೆ ಬಾಯಿಬಿಡುವಂತಿಲ್ಲ. ಮುಂಗಡ ಕಾಯ್ದಿರಿಸಿ, ಪಾಸ್‌ಪೋರ್ಟ್ ತೋರಿಸಿ, ಭದ್ರತಾ ತಪಾಸಣೆಯ ಸಾಲು ದಾಟಿ ಒಳಗೆ ಬಂದ ತರುಣ, ದನಿಯನ್ನು ತಗ್ಗಿಸಿ, ಆದರೆ ಮೈಕಿಗೆ ಕೇಳಿಸುವಷ್ಟೇ ತಗ್ಗಿಸಿ, "1989ರಲ್ಲಿ ಇಲ್ಲಿ ಏನಾಯಿತು?" ಎಂದು ಕೇಳುತ್ತಾನೆ. ಗೈಡ್ ನಗುಮುಖದಿಂದಲೇ, "ಈ ಚೌಕದ ವಿಸ್ತೀರ್ಣ 4,40,000 ಚದರ ಮೀಟರ್. ತಮ್ಮ ಎಡಕ್ಕೆ ಕಾಣುವುದು ಜನತಾ ಮಹಾಸಭಾ ಭವನ, ಬಲಕ್ಕೆ ರಾಷ್ಟ್ರೀಯ ವಸ್ತು ಸಂಗ್ರಹಾಲಯ. ಅರಮನೆಯ ಟಿಕೆಟಿನ ಸಮಯವಾಗುತ್ತಿದೆ, ದಯವಿಟ್ಟು ಬಾವುಟವನ್ನು ಹಿಂಬಾಲಿಸಿ" ಎನ್ನುತ್ತಾನೆ. ತರುಣನಿಗೆ ಪರಮಾನಂದ. ತಾನು ಎಂಥ ದಿಟ್ಟ ಪ್ರಶ್ನೆ ಕೇಳಿದೆನೆಂದು ಆ ರಾತ್ರಿ ಹೋಟೆಲಿನಲ್ಲಿ ಕುಳಿತು ಲಕ್ಷಾಂತರ ಮಂದಿಗೆ ವಿವರಿಸುತ್ತಾನೆ. ಬಾಯಿತಪ್ಪಿ ಉತ್ತರ ಬಂದಿದ್ದರೆ ಪರವಾನಗಿ ಹೋಗುತ್ತಿದ್ದುದು ಯಾರದು, ಠಾಣೆಯಲ್ಲಿ ಕೂರಬೇಕಾಗುತ್ತಿದ್ದುದು ಯಾರು ಎಂಬುದು ಆ ದಿಟ್ಟತನದ ಲೆಕ್ಕದಲ್ಲಿ ಬರುವುದಿಲ್ಲ. ಹತ್ತು ದಿನಗಳಲ್ಲಿ ಊರು ಬಿಡುವವನ ಧೈರ್ಯಕ್ಕೆ ಊರಲ್ಲೇ ಇರುವವನು ಜಾಮೀನು ಕೊಡಬೇಕಾಗುತ್ತದೆ.

ಮಹಾಗೋಡೆಯ ಮುತಿಯನ್‌ಯು ಭಾಗವನ್ನು ಬೇಗ ಮುಗಿಸೋಣ. ಅಲ್ಲಿಂದ ಇಳಿಯಲು ಲೋಹದ ಜಾರುದಾರಿಯಿದ್ದು, ತರುಣರ ವಿಡಿಯೋಗಳಲ್ಲಿ ಗೋಡೆಗಿಂತ ಜಾರುದಾರಿಯೇ ಹೆಚ್ಚು ಹೊತ್ತು ಕಾಣಿಸುತ್ತದೆ. ನಾವು ನಿಲ್ಲಬೇಕಾದದ್ದು ಗೋಡೆಗೂ ಹೋಟೆಲಿಗೂ ನಡುವಿನ ದಾರಿಯಲ್ಲಿ, "ಶೌಚಾಲಯಕ್ಕಾಗಿ" ಬಸ್ಸು ನಿಲ್ಲುವ ಕಟ್ಟಡದ ಮುಂದೆ. ಅದು ಜೇಡ್ ಎಂಬ ಹಸಿರು ರತ್ನದ ಕಲ್ಲಿನ ಕಾರ್ಖಾನೆ. ಶೌಚಾಲಯ ನಿಜವಾಗಿಯೂ ಇದೆ, ಆದರೆ ಕಟ್ಟಡದ ಆ ತುದಿಯಲ್ಲಿದೆ, ಮತ್ತು ಅಲ್ಲಿಗೆ ಹೋಗುವ ಏಕೈಕ ಮಾರ್ಗ ಮಾರಾಟದ ಸಭಾಂಗಣದ ಎಲ್ಲ ಗಾಜಿನ ಪೆಟ್ಟಿಗೆಗಳನ್ನೂ ಪ್ರದಕ್ಷಿಣೆ ಹಾಕುತ್ತದೆ. ಮೊದಲು ಗಾಜಿನಾಚೆ ಕುಳಿತ ಒಬ್ಬ ಕುಶಲಕರ್ಮಿ ಯಂತ್ರಕ್ಕೆ ಕಲ್ಲು ಒತ್ತಿ ಹಿಡಿದು ಉಜ್ಜುತ್ತಿರುವ ದೃಶ್ಯ. ಬಸ್ಸು ಬಂದಾಗ ಯಂತ್ರ ತಿರುಗುತ್ತದೆ, ಬಸ್ಸು ಹೋದ ಮೇಲೂ ತಿರುಗುತ್ತದೆಯೇ ಎಂದು ನೋಡುವಷ್ಟು ಹೊತ್ತು ಯಾವ ಪ್ರವಾಸಿಯೂ ಅಲ್ಲಿ ಉಳಿದಿಲ್ಲ. ಅನಂತರ ಸಮವಸ್ತ್ರದ ಯುವತಿಯೊಬ್ಬಳು ಎರಡು ಬಳೆಗಳನ್ನು ಒಂದಕ್ಕೊಂದು ತಾಗಿಸಿ, ಕಿಣಿ ಎಂದು ನಾದ ಬಂದರೆ ಅಸಲಿ, ಮಂಕು ಸದ್ದಾದರೆ ನಕಲಿ ಎಂದು ತೋರಿಸುತ್ತಾಳೆ. ಗಾಜಿನ ತುಂಡಿನ ಮೇಲೆ ಕಲ್ಲಿನಿಂದ ಗೆರೆ ಎಳೆದು, ಗಾಜು ಗೀಚಿತು, ಕಲ್ಲು ಗೀಚಲಿಲ್ಲ ನೋಡಿ ಎನ್ನುತ್ತಾಳೆ. ಒಂದರೊಳಗೊಂದು ಉರುಳುವ ಕೆತ್ತನೆಯ ಚೆಂಡುಗಳು ಕುಟುಂಬದ ಒಗ್ಗಟ್ಟಿಗೆ, ಹಸಿರು ಕಲ್ಲಿನ ಎಲೆಕೋಸು ಧನಪ್ರಾಪ್ತಿಗೆ ಎಂಬ ವಿವರಣೆಯೂ ಸಿಗುತ್ತದೆ. ಕ್ಯಾಲ್ಕುಲೇಟರಿನ ಮೇಲೆ ಮೂಡಿದ ಬೆಲೆ, ತರುಣ ಒಂದು ಹೆಜ್ಜೆ ಹಿಂದೆ ಸರಿದಾಗ ಅರ್ಧವಾಗುತ್ತದೆ, ಬಾಗಿಲ ಬಳಿ ತಲುಪಿದಾಗ ಅದರ ಅರ್ಧವಾಗುತ್ತದೆ. ಕೊನೆಗೆ ಕೆಂಪು ಮೊಹರಿನ ಪ್ರಮಾಣಪತ್ರದೊಂದಿಗೆ ಒಂದು ಎಲೆಕೋಸು ಅವನ ಚೀಲ ಸೇರುತ್ತದೆ. ಅವನು ಅದನ್ನು "ಸ್ಥಳೀಯರೊಂದಿಗೆ ಚೌಕಾಸಿ" ಎಂಬ ತಲೆಬರಹದಡಿ ಹಂಚಿಕೊಳ್ಳುತ್ತಾನೆ. ಗೈಡ್ ಆ ಹೊತ್ತಿನಲ್ಲಿ ಒಳಗಿನ ಕೋಣೆಯೊಂದರಲ್ಲಿ ಚಹಾ ಕುಡಿಯುತ್ತಿರುತ್ತಾನೆ, ಮತ್ತು ಬಸ್ಸಿನಲ್ಲಿ ಎಷ್ಟು ತಲೆಗಳಿದ್ದವೆಂಬುದು ಪುಸ್ತಕದಲ್ಲಿ ದಾಖಲಾಗುತ್ತಿರುತ್ತದೆ.

ಈ ವ್ಯವಸ್ಥೆಯ ಅರ್ಥಶಾಸ್ತ್ರ ಸರಳ. ಪ್ರವಾಸಕ್ಕೆ ಹಣ ಕಡಿಮೆ ತೆಗೆದುಕೊಂಡು, ಕೆಲವೊಮ್ಮೆ ಅಸಲಿಗಿಂತಲೂ ಕಡಿಮೆ ತೆಗೆದುಕೊಂಡು, ನಷ್ಟವನ್ನು ರೇಷ್ಮೆ ಹಾಸಿಗೆ, ಚಹಾ, ಗಿಡಮೂಲಿಕೆ ಹಾಗೂ ಜೇಡ್ ಅಂಗಡಿಗಳ ಕಮಿಷನ್ನಿನಿಂದ ತುಂಬಿಕೊಳ್ಳುವುದು. ಇದರಿಂದ ಹೆಚ್ಚು ನೊಂದವರು ವಿದೇಶೀಯರಲ್ಲ, ಚೀನಾದ ಸಾಮಾನ್ಯ ಪ್ರವಾಸಿಗಳೇ. ಅವರ ಗೋಳು ಹೆಚ್ಚಾದ ಕಾರಣ 2013ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಪ್ರವಾಸೋದ್ಯಮ ಕಾನೂನು, ಅಗ್ಗದ ದರದ ಆಮಿಷ ತೋರಿಸಿ ಖರೀದಿಯ ಕಮಿಷನ್ನಿನಿಂದ ಲಾಭ ಮಾಡುವುದನ್ನು ನಿಷೇಧಿಸಿತು. ದೂರುಗಳು ನಿಲ್ಲದೆ ಯುನ್ನಾನ್ ಪ್ರಾಂತ್ಯ 2017ರಲ್ಲಿ ಮತ್ತೊಮ್ಮೆ ಕಠಿಣ ಕ್ರಮಗಳನ್ನು ಪ್ರಕಟಿಸಬೇಕಾಯಿತು. ಒಂದೇ ರೋಗಕ್ಕೆ ನಾಲ್ಕು ವರ್ಷಗಳ ಅಂತರದಲ್ಲಿ ಎರಡನೆಯ ಚಿಕಿತ್ಸೆ ಬೇಕಾಯಿತೆಂದರೆ ಮೊದಲ ಚಿಕಿತ್ಸೆಯ ಗುಣವನ್ನು ಓದುಗರು ಊಹಿಸಬಹುದು. ಯಾರ ಮಾತನ್ನೂ ನಂಬದ ಇದೇ ತರುಣನಿಗೆ ತನ್ನ ತಲೆಯನ್ನು ಎಣಿಸಿಕೊಂಡ ಅಂಗಡಿಯ ಪುಸ್ತಕ ಮಾತ್ರ ಕಾಣಿಸಲೇ ಇಲ್ಲ.

ಬೇಡಿಕೆಗೆ ತಕ್ಕ ದೃಶ್ಯವನ್ನು ಒದಗಿಸುವ ಕಲೆ ಅಂಗಡಿಗಳಿಗೆ ಸೀಮಿತವೇನಲ್ಲ. ಹೆನಾನ್ ಪ್ರಾಂತ್ಯದ ಯುಂತಾಯ್ ಬೆಟ್ಟದಲ್ಲಿ 314 ಮೀಟರ್ ಎತ್ತರದಿಂದ ಬೀಳುತ್ತದೆಂದು ಹೆಸರಾದ ಜಲಪಾತವೊಂದಿದೆ. 2024ರ ಜೂನ್‌ನಲ್ಲಿ ಒಬ್ಬ ಚಾರಣಿಗ ಅದರ ನೆತ್ತಿಗೇ ಹತ್ತಿ ನೋಡಿದಾಗ ಬಂಡೆಯೊಳಗಿನಿಂದ ನೀರು ಸುರಿಸುತ್ತಿದ್ದ ಕೊಳವೆ ಕಾಣಿಸಿತು. ಆಡಳಿತ ಮಂಡಳಿ ನಾಚಿಕೊಳ್ಳದೆ, ಜಲಪಾತವೇ ಉತ್ತಮ ಪುರುಷದಲ್ಲಿ ಮಾತಾಡಿದಂತೆ ಹೇಳಿಕೆ ಹೊರಡಿಸಿ, ಬೇಸಿಗೆಯಲ್ಲಿ ಗೆಳೆಯರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ತಾನು ಒಂದಿಷ್ಟು ಅಲಂಕಾರ ಮಾಡಿಕೊಂಡಿದ್ದಾಗಿ ವಿನಯದಿಂದ ಒಪ್ಪಿಕೊಂಡಿತು. (ಜೋಗ ಧುಮುಕಬೇಕಾದರೆ ಲಿಂಗನಮಕ್ಕಿಯ ಅಪ್ಪಣೆಗೆ ಕಾಯಬೇಕಾದ ನಾಡಿನವರಾದ ನಾವು ಇಲ್ಲಿ ತೀರಾ ಗಟ್ಟಿಯಾಗಿ ನಗುವಂತಿಲ್ಲ. ನಮ್ಮಲ್ಲಿ ಕೊಳವೆಯಿಲ್ಲ, ಗೇಟುಗಳಿವೆ.) ಅದೇ ವರ್ಷದ ಮೇ ತಿಂಗಳಲ್ಲಿ ಜಿಯಾಂಗ್ಸು ಪ್ರಾಂತ್ಯದ ತೈಝೌ ಮೃಗಾಲಯದಲ್ಲಿ ಚೌಚೌ ತಳಿಯ ನಾಯಿಗಳಿಗೆ ಕಪ್ಪುಬಿಳುಪು ಬಣ್ಣ ಬಳಿದು ಪಾಂಡಾ ನಾಯಿಗಳೆಂದು ಪ್ರದರ್ಶಿಸಲಾಯಿತು. 2025ರ ಚೀನೀ ಹೊಸ ವರ್ಷದ ರಜೆಯಲ್ಲಿ, ಹವಾಮಾನ ಕೈಕೊಟ್ಟದ್ದರಿಂದ, ಚೆಂಗ್ಡು ಬಳಿಯ ಹಿಮಗ್ರಾಮವೊಂದು ಹತ್ತಿಯನ್ನೂ ಸೋಪಿನ ನೀರನ್ನೂ ಹಿಮವೆಂದು ಹರಡಿ, ಆಮೇಲೆ ಕ್ಷಮೆ ಕೇಳಿತು.

ಇವೆಲ್ಲವನ್ನೂ ಬಯಲಿಗೆಳೆದು ಹೊಟ್ಟೆ ಹುಣ್ಣಾಗುವಂತೆ ನಕ್ಕವರು ಚೀನೀಯರೇ, ಬಾವುಟವಿಲ್ಲದೆ ಗುಡ್ಡ ಹತ್ತಿದವರು, ತಮ್ಮ ದುಡ್ಡು ಕೊಟ್ಟು ಹತ್ತಿಯ ಮೇಲೆ ನಡೆದವರು. ಹತ್ತು ದಿನಗಳ ಪಂಡಿತರಿಗೆ ಕೊಳವೆ ಕಾಣಲಿಲ್ಲ. ಪ್ರವಾಸಿಗೆ ಬೇಕಾದದ್ದನ್ನು ಕಟ್ಟಿಕೊಡುವ ಈ ವಿದ್ಯೆಯಲ್ಲಿ ಪಶ್ಚಿಮದವರ ಪಾಲೂ ಇದೆಯೆಂಬುದಕ್ಕೆ ಯುನ್ನಾನ್‌ನ ಝೋಂಗ್‌ಡಿಯನ್ ಸಾಕ್ಷಿ. 1933ರಲ್ಲಿ ಒಬ್ಬ ಇಂಗ್ಲಿಷ್ ಕಾದಂಬರಿಕಾರ ಕಲ್ಪಿಸಿದ ಶಾಂಗ್ರಿ-ಲಾ ಎಂಬ ಹಿಮಾಲಯದಾಚೆಯ ಸ್ವರ್ಗವನ್ನು ಪಾಶ್ಚಾತ್ಯರು ದಶಕಗಳ ಕಾಲ ಹುಡುಕಿದರು. ಹುಡುಕುವವರ ಶ್ರಮ ನೋಡಲಾರದೆ ಹಲವು ಊರುಗಳು ಆ ಹೆಸರಿಗಾಗಿ ಪೈಪೋಟಿ ನಡೆಸಿ, 2001ರಲ್ಲಿ ಝೋಂಗ್‌ಡಿಯನ್ ಅಧಿಕೃತವಾಗಿ ಶಾಂಗ್ರಿ-ಲಾ ಎಂದು ನಾಮಕರಣಗೊಂಡಿತು. 2014ರ ಜನವರಿಯ ಬೆಂಕಿಯಲ್ಲಿ ಅಲ್ಲಿನ ಹಳೆಯ ಪೇಟೆಯ ಬಹುಭಾಗ ಸುಟ್ಟುಹೋಗಿದ್ದು, ಈಗ ಹೊಸದಾಗಿ ಕಟ್ಟಿದ ಹಳೆಯ ಪೇಟೆ ದರ್ಶನಕ್ಕೆ ಲಭ್ಯವಿದೆ.

ಚೊಂಗ್‌ಚಿಂಗ್ ನಗರದಲ್ಲಿ ತರುಣನ ತರ್ಕಶಾಸ್ತ್ರ ಶಿಖರ ಮುಟ್ಟುತ್ತದೆ. ಲಿಝಿಬಾ ನಿಲ್ದಾಣದಲ್ಲಿ ಮೊನೊರೈಲು 19 ಮಹಡಿಗಳ ಕಟ್ಟಡವೊಂದರ ಮಧ್ಯದಿಂದಲೇ ಹಾದುಹೋಗುತ್ತದೆ. ಕೆಳಗಿನ ವೀಕ್ಷಣಾ ಕಟ್ಟೆಯ ಮೇಲೆ ನೂರಾರು ಮಂದಿ ರೈಲನ್ನು ನುಂಗುವವರಂತೆ ಬಾಯಿ ತೆರೆದು ಫೋಟೋ ತೆಗೆಸಿಕೊಳ್ಳುತ್ತಾರೆ, ಮತ್ತು ಆ ಭಂಗಿಯಲ್ಲಿ ಬಂದ ತೀರ್ಮಾನಗಳನ್ನು ಆಮೇಲೆ ಬಾಯಿ ಮುಚ್ಚಿಕೊಂಡು ಮರುಪರಿಶೀಲಿಸುವ ಪದ್ಧತಿಯಿಲ್ಲ. ಚೀನಾದ ರೈಲುಗಳು ನಿಜಕ್ಕೂ ಅದ್ಭುತ. 2024ರ ಕೊನೆಗೆ ಅಲ್ಲಿನ ಅತಿವೇಗದ ಮಾರ್ಗಗಳ ಒಟ್ಟು ಉದ್ದ 48,000 ಕಿಲೋಮೀಟರ್ ತಲುಪಿತ್ತು. ಬೀಜಿಂಗಿನಿಂದ ಶಾಂಘೈಗೆ ಇರುವ ಸುಮಾರು 1,300 ಕಿಲೋಮೀಟರನ್ನು ವೇಗದ ಗಾಡಿಗಳು ನಾಲ್ಕೂವರೆ ಗಂಟೆಗಳೊಳಗೆ ಕ್ರಮಿಸುತ್ತವೆ. ಇಷ್ಟನ್ನು ಯಾರೂ ಅಲ್ಲಗಳೆಯುವುದಿಲ್ಲ. ತರುಣ ಮಾತ್ರ ರೈಲು ಸಮಯಕ್ಕೆ ಬಂತು ಎಂಬಲ್ಲಿಂದ ಹೊರಟು, ಆದ್ದರಿಂದ ಆ ದೇಶದಲ್ಲಿ ಯಾರಿಗೂ ಯಾವ ದೂರೂ ಇಲ್ಲ ಎಂಬ ನಿಲ್ದಾಣವನ್ನು ನಡುವೆ ಎಲ್ಲೂ ನಿಲ್ಲದೆ ತಲುಪುತ್ತಾನೆ. ಅವನ ಪ್ರತಿಸ್ಪರ್ಧಿ ಬೇರೊಂದು ಚಾನೆಲಿನಲ್ಲಿ, ಕಂಬಕ್ಕೆ ಕಟ್ಟಿದ ಕ್ಯಾಮೆರಾಗಳನ್ನು ಎಣಿಸುತ್ತ, ತನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆಂದು ಪಿಸುಗುಟ್ಟುತ್ತ ನಡೆಯುತ್ತಾನೆ. ಹಿಂದೆ ಬರುತ್ತಿರುವುದು ಸಾಮಾನ್ಯವಾಗಿ ಅವನದೇ ಛಾಯಾಗ್ರಾಹಕ. ಒಬ್ಬನಿಗೆ ಸ್ವರ್ಗ, ಇನ್ನೊಬ್ಬನಿಗೆ ನರಕ. ಇಬ್ಬರೂ ಕೊಂಡ ಎಲೆಕೋಸು ಒಂದೇ ಅಂಗಡಿಯದು.

ಇದು ಹೊಸ ರೋಗವೂ ಅಲ್ಲ. ಈ ತರುಣರ ಅಜ್ಜಂದಿರ ಕಾಲದಲ್ಲಿ, ಕೃಷಿಯಲ್ಲಿ ದಾಝಾಯ್‌ನಿಂದ ಕಲಿಯಿರಿ ಎಂದು ಮಾವೊ 1964ರಲ್ಲಿ ಕರೆಕೊಟ್ಟ ಮೇಲೆ, ಶಾನ್ಶಿ ಪ್ರಾಂತ್ಯದ ಆ ಮಾದರಿ ಹಳ್ಳಿಗೆ ವಿದೇಶಿ ಅತಿಥಿಗಳನ್ನು ಕರೆದೊಯ್ಯುತ್ತಿದ್ದರು. ಚಹಾ, ಸಂಕ್ಷಿಪ್ತ ಪರಿಚಯ ಭಾಷಣ, ಮೆಟ್ಟಿಲು ಗದ್ದೆಗಳ ದರ್ಶನ. ಹಲವರು ಊರಿಗೆ ಮರಳಿ ಭಾವಪರವಶರಾಗಿ ಬರೆದರು. 1980ರಲ್ಲಿ ಚೀನಾದ ಕಮ್ಯುನಿಸ್ಟ್ ಪಕ್ಷವೇ ದಾಝಾಯ್‌ನ ಲೆಕ್ಕಗಳು ಉಬ್ಬಿಸಿದವೆಂದು ಟೀಕಿಸಿತು. ಅಜ್ಜಂದಿರು ತಮ್ಮ ಬರಹಗಳನ್ನು ಹಿಂಪಡೆಯುವ ಗೋಜಿಗೆ ಹೋಗಲಿಲ್ಲ. ಅವರನ್ನು ಒಂದು ಕಾರಣಕ್ಕೆ ಮೆಚ್ಚಬೇಕು: ಊರಿಗೆ ಹಿಂದಿರುಗುವವರೆಗಾದರೂ ಬರೆಯದೆ ತಾಳಿಕೊಂಡಿದ್ದರು.

ಮೊಮ್ಮಗನಿಗೆ ಆ ತಾಳ್ಮೆ ಬೇಕಿಲ್ಲ. ಹೋಟೆಲಿನ ವೈಫೈಯಲ್ಲಿ ಅವನ ಯೂಟ್ಯೂಬ್ ತೆರೆಯುವುದಿಲ್ಲ, ಚೀನಾದಲ್ಲಿ ಅದಕ್ಕೆ ನಿರ್ಬಂಧವಿದೆ. ಆದರೆ ಅಮೆರಿಕದ ಸಿಮ್ಮಿನ ರೋಮಿಂಗ್ ಅವನ ಮಾತುಗಳನ್ನು ಸ್ವದೇಶದ ಜಾಲದ ಮೂಲಕ ಹಾಯಿಸುವುದರಿಂದ ಎಲ್ಲವೂ ಸಲೀಸು. ಹೀಗೆ, ಅಲ್ಲಿನ ಜನರಿಗೆ ನೋಡಲು ಅನುಮತಿಯಿಲ್ಲದ ತಾಣಕ್ಕೆ ಅಲ್ಲಿಂದಲೇ ಏರಿಸಿದ ವಿಡಿಯೋದಲ್ಲಿ ಅವನು ಅಲ್ಲಿನ ಜನರ ಮುಕ್ತ ಬದುಕನ್ನು ಕೊಂಡಾಡುತ್ತಾನೆ. ಯಾರೋ ಶಿಂಜಿಯಾಂಗ್, ಟಿಬೆಟ್ ಪ್ರದೇಶಗಳ ಜನರ ಮೇಲಿನ ದಬ್ಬಾಳಿಕೆಯ ಬಗ್ಗೆ ಕೇಳಿದರೆ, ಎಲ್ಲವೂ ಉತ್ಪ್ರೇಕ್ಷೆ, ನಾನು ಚೀನಾದಲ್ಲೇ ನಿಂತಿದ್ದೇನೆ, ಕಣ್ಣಾರೆ ನೋಡುತ್ತಿದ್ದೇನೆ ಎಂದು ಉತ್ತರಿಸುತ್ತಾನೆ. 2024ರ ಪ್ರಕಟಣೆಯ ಪ್ರಕಾರ 240 ಗಂಟೆಗಳ ಸೌಲಭ್ಯ ಅನ್ವಯಿಸಿದ್ದು 24 ಪ್ರಾಂತ್ಯಮಟ್ಟದ ಪ್ರದೇಶಗಳಿಗೆ ಮಾತ್ರ. ಶಿಂಜಿಯಾಂಗ್ ಮತ್ತು ಟಿಬೆಟ್ ಅವುಗಳಲ್ಲಿಲ್ಲ. ಟಿಬೆಟ್ಟಿಗಂತೂ ವಿದೇಶಿಯೊಬ್ಬ ಪ್ರತ್ಯೇಕ ಪರವಾನಗಿ ಮತ್ತು ಗೈಡ್ ಇಲ್ಲದೆ ಹೋಗುವಂತೆಯೇ ಇಲ್ಲ. ಅವನ ಕಣ್ಣುಗಳು ಚೊಂಗ್‌ಚಿಂಗಿನ ಮೊನೊರೈಲಿನಿಂದಲೇ ಶಿಂಜಿಯಾಂಗಿನ ರಾಜಧಾನಿ ಉರುಮ್ಚಿಯನ್ನು ನೋಡಿ ಮುಗಿಸಿವೆ.

ಹತ್ತು ದಿನಗಳು ಮುಗಿದಾಗ ನಿಯಮದ ಪ್ರಕಾರ ಅವನು ಹೊರಟುಬಂದ ದೇಶಕ್ಕೆ ನೇರವಾಗಿ ಮರಳದೆ ಮೂರನೆಯ ದೇಶಕ್ಕೋ ಪ್ರದೇಶಕ್ಕೋ ಹೋಗಬೇಕು, ಮತ್ತು ಆ ಪಟ್ಟಿಯಲ್ಲಿ ಹಾಂಗ್‌ಕಾಂಗ್ ಕೂಡ ನಡೆಯುತ್ತದೆ. ಹಾಂಗ್‌ಕಾಂಗ್ ತಾಯ್ನಾಡಿಗೆ ಮರಳಿದ ದಿನವನ್ನು 1997ರಿಂದ ಪ್ರತಿ ಜುಲೈ 1ರಂದು ಸಂಭ್ರಮದಿಂದ ಆಚರಿಸುವ ಸರ್ಕಾರದ ಅಧಿಕಾರಿ, ಹಾಂಗ್‌ಕಾಂಗಿನ ವಿಮಾನದ ಟಿಕೆಟನ್ನು ನೋಡಿ, ಈತ ಚೀನಾ ಬಿಟ್ಟು ಹೊರಟನೆಂದು ಗಂಭೀರವಾಗಿ ಮುದ್ರೆ ಒತ್ತುತ್ತಾನೆ. ಅಲ್ಲಿ ಒಂದು ರಾತ್ರಿ ಮಲಗಿ ಎದ್ದರೆ, ಹಾಂಗ್‌ಕಾಂಗಿನಿಂದ ಬಂದು ಅಮೆರಿಕಕ್ಕೆ ಹೋಗುವ ಪ್ರಯಾಣಿಕನಾಗಿ ಮತ್ತೆ 240 ಗಂಟೆಗಳಿಗೆ ಅವನು ಅರ್ಹ. ಗುವಾಂಗ್ಝೌ ನಗರದ ಗೈಡ್ ಆಗಲೇ ಕಾರ್ಯಕ್ರಮ ಪಟ್ಟಿ ಕಳುಹಿಸಿದ್ದಾನೆ: ಮೊದಲ ದಿನ ಬೆಳಗ್ಗೆ ಮುತ್ತಿನ ಮಳಿಗೆ, ಪ್ರವೇಶ ಉಚಿತ, ಶೌಚಾಲಯದ ಸೌಲಭ್ಯವಿದೆ.