ಹಾಡಿಗೆ ಹೆಸರಿಡುವ ಕೆಲಸ

ಕಂಪ್ಯೂಟರಿನಲ್ಲಿ ನೋಡಿದರೆ ಒಂದೇ ಆಲ್ಬಮ್. ಅವೇ ಫೈಲುಗಳನ್ನು ಫೋನಿಗೆ ಹಾಕಿದರೆ ಮೂರು ಆಲ್ಬಮ್. ಪೆನ್‌ಡ್ರೈವಿಗೆ ತುಂಬಿಸಿ ಕಾರಿಗೆ ಸಿಕ್ಕಿಸಿದರೆ ಹಾಡಿಗೊಂದು ಆಲ್ಬಮ್! ಅದರಲ್ಲೂ ಅರ್ಧ ಹಾಡುಗಳನ್ನು ‘ಅನ್‌ನೋನ್ ಆರ್ಟಿಸ್ಟ್’ ಎಂಬ ಮಹಾಶಯರು ಹಾಡಿದ್ದಾರೆ. ನಿನ್ನೆ ರಾತ್ರಿ ನಿದ್ದೆಗೆಟ್ಟು ಒಂದೊಂದೇ ಫೈಲು ತೆರೆದು ಹಾಡಿನ ಹೆಸರು, ಹಾಡಿದವರ ಹೆಸರು, ಇಸವಿ ಎಲ್ಲಾ ತುಂಬಿದ್ದೆ. ಸೇವ್ ಆಗಿದ್ದನ್ನು ಕಣ್ಣಾರೆ ನೋಡಿ ಮಲಗಿದ್ದೆ. ಬೆಳಿಗ್ಗೆ ಕಾರಿನ ಪರದೆಯಲ್ಲಿ ಮಹಾಶಯರು ಮತ್ತೆ ಹಾಜರು.

ಈ ಕಾಲದಲ್ಲೂ ಎಂಪಿ3 ಇಟ್ಕೊಂಡು ಒದ್ದಾಡ್ತೀಯಲ್ಲ, ಮೊಬೈಲಲ್ಲಿ ಒತ್ತಿದರೆ ಹಾಡು ಬರಲ್ವಾ ಅಂತ ಕೇಳುವವರಿದ್ದಾರೆ. ಅವರಿಗೆ ಕೊಡಲು ನನ್ನ ಹತ್ತಿರ ಉತ್ತರ ಇಲ್ಲ, ಹಾರ್ಡ್ ಡಿಸ್ಕ್ ಇದೆ. ಕ್ಯಾಸೆಟ್ಟಿನಿಂದ ಇಳಿಸಿದ್ದು, ಸಿಡಿಯಿಂದ ತೆಗೆದದ್ದು, ಯಾರೋ ಕೊಟ್ಟದ್ದು, ಮನೆಯಲ್ಲೇ ರೆಕಾರ್ಡ್ ಮಾಡಿದ್ದು ಎಲ್ಲಾ ಅದರೊಳಗಿದೆ. ಎಷ್ಟೋ ಹಾಡು ಯಾವ ಆ್ಯಪಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಸಿಕ್ಕರೂ ಆ ಕ್ಯಾಸೆಟ್ಟಿನ ಗರಗರ ಇರುವುದಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಡಿಸ್ಕ್ ಇದ್ದೇ ಇರುತ್ತೆ, ಅಲ್ವಾ?

ಈ ತಾಪತ್ರಯದ ಬೇರು 1996ರಲ್ಲಿದೆ. ಅಲ್ಲಿಯವರೆಗೆ ಎಂಪಿ3 ಫೈಲಿನೊಳಗೆ ಹಾಡಿನ ಹೆಸರು ಬರೆಯಲು ಜಾಗವೇ ಇರಲಿಲ್ಲ. ಎರಿಕ್ ಕೆಂಪ್ ಎನ್ನುವವರು ಫೈಲಿನ ಬಾಲಕ್ಕೆ 128 ಬೈಟ್ (ಒಂದು ಬೈಟ್ ಅಂದರೆ ಇಂಗ್ಲಿಷಿನ ಒಂದು ಅಕ್ಷರ ಹಿಡಿಯುವಷ್ಟು ಜಾಗ) ಅಂಟಿಸಿ ಅದರಲ್ಲಿ ವಿವರ ಬರೆಯುವ ದಾರಿ ಮಾಡಿಕೊಟ್ಟರು. ಅದೇ ಐಡಿ3 ಟ್ಯಾಗ್. ಹಾಡಿನ ಹೆಸರಿಗೆ 30 ಬೈಟ್, ಕಲಾವಿದರಿಗೆ 30, ಆಲ್ಬಮ್ಮಿಗೆ 30, ಟಿಪ್ಪಣಿಗೆ 30, ಇಸವಿಗೆ 4, ಯಾವ ಬಗೆಯ ಹಾಡು ಎನ್ನುವುದಕ್ಕೆ 1. ಉಳಿದ 3 ಬೈಟಿನಲ್ಲಿ ‘ಟ್ಯಾಗ್’ ಎಂಬ ಗುರುತು. ಇಂಗ್ಲಿಷಿಗೆ ಇದು ಹೇಗೋ ಸಾಕು. ಕನ್ನಡದ ಗತಿ? ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ನಮ್ಮ ಅಕ್ಷರಕ್ಕೆ ಮೂರು ಬೈಟ್, ಗುಣಿತಕ್ಕೆ ಇನ್ನು ಮೂರು, ಒತ್ತಿಗೆ ಆರು. ‘ಸ್ತ್ರೀ’ ಅಂತ ಒಂದೇ ಒಂದು ಅಕ್ಷರ ಬರೆದರೆ 18 ಬೈಟ್ ಮಾಯ. ಉಳಿದ 12ರಲ್ಲಿ ಆಕೆಯ ಕಥೆಯನ್ನೆಲ್ಲ ಮುಗಿಸಬೇಕು.

ಜಾಗ ಸಾಲದು ಅಂತ 1998ರಲ್ಲಿ ಐಡಿ3ಯ ಎರಡನೇ ಅವತಾರ ಬಂತು. ಇದು ಫೈಲಿನ ಬಾಲದಲ್ಲಲ್ಲ, ತಲೆಯಲ್ಲಿ ಕೂರುತ್ತದೆ. ಜಾಗ ಧಾರಾಳ, ಚಿತ್ರವನ್ನೂ ಒಳಗಿಡಬಹುದು. ಒಳ್ಳೆಯದೇ. ಆದರೆ ಹೊಸದು ಬಂತೆಂದು ಹಳೆಯದನ್ನು ಯಾರೂ ತೆಗೆಯಲಿಲ್ಲ. ಮುಂಬಾಗಿಲಿಗೆ ಹೊಸ ಬೋರ್ಡು ಹಾಕಿ, ಹಿತ್ತಿಲ ಬಾಗಿಲಲ್ಲಿ ಹಳೇ ಬಾಡಿಗೆಯವರ ಹೆಸರನ್ನು ಹಾಗೇ ಬಿಟ್ಟಂತೆ. ನಾನು ರಾತ್ರಿಯೆಲ್ಲ ಕೂತು ಬರೆದದ್ದು ಮುಂಬಾಗಿಲ ಬೋರ್ಡು. ಕಾರು ಬರುವುದು ಹಿತ್ತಿಲಿಂದ. ಇದು ಸಾಲದು ಅಂತ ಕೆಲವು ಫೈಲುಗಳಲ್ಲಿ ಏಪ್ ಅಂತ ಮೂರನೇ ಜಾತಿಯ ಟ್ಯಾಗೂ ಇರುತ್ತದೆ. ಮೂರೂ ಮೂರು ಹೆಸರು ಹೇಳುತ್ತವೆ. ಯಾವುದನ್ನು ನಂಬಬೇಕೆಂದು ಒಂದೊಂದು ಪ್ಲೇಯರ್ ತಾನೇ ತೀರ್ಮಾನಿಸುತ್ತದೆ. ನಮಗೆ ಮಾತ್ರ ಹೇಳುವುದಿಲ್ಲ.

ಆ ಎರಡನೇ ಅವತಾರದೊಳಗೂ ಒಳಜಗಳ ಇದೆ. 1999ರಲ್ಲಿ ಅದರ 2.3ನೇ ಆವೃತ್ತಿ ಬಂತು, 2000ದಲ್ಲಿ 2.4. ಇಸವಿಯನ್ನು 2.3ರಲ್ಲಿ ‘ಟಿವೈಇಆರ್’ ಎಂಬ ಖಾನೆಯಲ್ಲಿ ಬರೆಯಬೇಕು, 2.4ರಲ್ಲಿ ‘ಟಿಡಿಆರ್‌ಸಿ’ ಎಂಬುದರಲ್ಲಿ. ಒಂದರಲ್ಲಿ ಬರೆದ ಇಸವಿ ಇನ್ನೊಂದನ್ನು ಮಾತ್ರ ಓದುವ ಪ್ಲೇಯರಿಗೆ ಕಾಣುವುದೇ ಇಲ್ಲ. ಒಂದೇ ಹಾಡಿಗೆ ಇಬ್ಬರು ಹಾಡಿದ್ದರೆ 2.3ರಲ್ಲಿ ಹೆಸರುಗಳ ನಡುವೆ ಓರೆ ಗೀಟು ಹಾಕಬೇಕು. ಇದರಿಂದ ಎಸಿ/ಡಿಸಿ ಬ್ಯಾಂಡಿನವರು ಎಷ್ಟು ಪ್ಲೇಯರುಗಳಲ್ಲಿ ಎಸಿ ಬೇರೆ, ಡಿಸಿ ಬೇರೆ ಆಗಿ ಭಾಗವಾಗಿದ್ದಾರೋ! ಇನ್ನು ‘ಆಲ್ಬಮ್ ಆರ್ಟಿಸ್ಟ್’ ಅಂತ ಇದೆಯಲ್ಲ, ಅದಕ್ಕೆ ನಿಯಮದಲ್ಲಿ ಖಾನೆಯೇ ಇಲ್ಲ. ಪಕ್ಕವಾದ್ಯದವರ ಹೆಸರಿಗೆಂದು ಇಟ್ಟಿದ್ದ ಖಾನೆಯನ್ನು ಸಾಫ್ಟ್‌ವೇರಿನವರು ತಾವೇ ಒತ್ತುವರಿ ಮಾಡಿಕೊಂಡಿದ್ದಾರೆ. ಆ ಖಾನೆ ಖಾಲಿ ಇದ್ದರೆ, ಅಥವಾ ಪ್ಲೇಯರಿಗೆ ಅದರ ಗೊಡವೆ ಇಲ್ಲದಿದ್ದರೆ, ಹಾಡಿದವರು ಬದಲಾದ ಹಾಗೆಲ್ಲ ಆಲ್ಬಮ್ ಒಡೆಯುತ್ತದೆ. ಹಾಡಿಗೊಂದು ಆಲ್ಬಮ್ ಆಗುವುದು ಹೀಗೆ.

ಕನ್ನಡದಲ್ಲಿ ಹೆಸರು ಬರೆಯುವವರಿಗೆ ಇನ್ನೊಂದು ವಿಶೇಷ ಸೌಲಭ್ಯ ಉಂಟು. 2.3ಕ್ಕೆ ಯುಟಿಎಫ್-8 ಗೊತ್ತಿಲ್ಲ. ಅದು ಒಪ್ಪುವುದು ಹಳೇ ಲ್ಯಾಟಿನ್ ಅಕ್ಷರಪಟ್ಟಿ, ಇಲ್ಲವೇ ಯುಟಿಎಫ್-8ರಂಥದ್ದೇ ಇನ್ನೊಂದು ಪದ್ಧತಿಯಾದ ಯುಟಿಎಫ್-16. ಯಾವುದೋ ಸಾಫ್ಟ್‌ವೇರ್ ಸುಮ್ನೆ ಯುಟಿಎಫ್-8ರಲ್ಲಿ ಬರೆದು ‘ಇದು ಲ್ಯಾಟಿನ್’ ಅಂತ ಚೀಟಿ ಅಂಟಿಸಿತು ಅನ್ನಿ. ಆಗ ಪರದೆ ಮೇಲೆ ಏನು ಬರುತ್ತದೆ ಗೊತ್ತಾ? ತಲೆ ಮೇಲೆ ವಾರೆ ಗೀಟಿರುವ ಇಂಗ್ಲಿಷಿನ ಪುಟ್ಟ ‘ಎ’, ಅದರ ಹೆಗಲ ಹತ್ತಿರ ಚಿಕ್ಕದಾಗಿ ಎರಡೋ ಮೂರೋ, ಆಮೇಲೆ ಏನೋ ಒಂದು ಚುಕ್ಕಿ. ಮತ್ತೆ ವಾರೆ ಗೀಟಿನ ‘ಎ’. ಮತ್ತೆ ಅದೇ. ಕನ್ನಡದ ಎಲ್ಲ ಅಕ್ಷರಕ್ಕೂ ಮೊದಲ ಬೈಟ್ ಒಂದೇ, ಎರಡನೆಯದು ಎರಡರಲ್ಲಿ ಒಂದು. ಹಾಗಾಗಿ ಯಾವ ಹಾಡು ಹಾಕಿದರೂ ಪರದೆಯಲ್ಲಿ ಬರೀ ‘ಆ... ಆ... ಆ...’ ಅಂತ ಆಲಾಪ. ಪಲ್ಲವಿ ಬರುವುದೇ ಇಲ್ಲ.

ಹೋಗಲಿ, ಇವೆಲ್ಲ ಯಂತ್ರದ ಕಾಟ. ನನ್ನ ಡಿಸ್ಕಿನಲ್ಲಿ ಮನುಷ್ಯರ ಕಾಟವೂ ಇದೆ. ಮನುಷ್ಯರು ಅಂದರೆ ಚಿಕ್ಕಪ್ಪ.

ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ ಪುಣ್ಯಾತ್ಮರು ಅವರೇ. ಅದಕ್ಕೆ ಅವರಿಗೆ ದೊಡ್ಡ ನಮಸ್ಕಾರ. ಆದರೆ ಚಿಕ್ಕಪ್ಪ ಖಾಲಿ ಖಾನೆಯನ್ನು ಖಾಲಿ ಬಿಡುವವರಲ್ಲ. ಕಲಾವಿದರ ಹೆಸರು ಗೊತ್ತಿರಲಿ, ಇಲ್ಲದಿರಲಿ, ಏನಾದರೂ ಬರೆಯಲೇಬೇಕು. ಹಾಡಿನ ಹೆಸರಿರಬೇಕಾದ ಕಡೆ ‘ಮೊದಲು ಸ್ವಲ್ಪ ಗರಗರ ಇದೆ, ಆಮೇಲೆ ಸರಿಹೋಗುತ್ತೆ’. ಆಲ್ಬಮ್: ‘ಬೀರು ಮೇಲಿನ ಡಬ್ಬ’. ಇನ್ನೊಂದು ಆಲ್ಬಮ್: ‘ಬೀರು ಮೇಲಿನ ಡಬ್ಬ, ಕೆಳಗಿನ ಸಾಲು’. ಇಸವಿ ಅಂದರೆ ಹಾಡು ಬಂದ ಇಸವಿ ಅಲ್ಲ, ಚಿಕ್ಕಪ್ಪ ಅದನ್ನು ಇಳಿಸಿದ ಇಸವಿ. ಹಾಗಾಗಿ ನನ್ನ ಡಿಸ್ಕಿನ ಪ್ರಕಾರ ಕಪ್ಪು ಬಿಳುಪು ಕಾಲದ ಗಾಯಕರೆಲ್ಲ 2004ರಲ್ಲಿ ಒಟ್ಟಿಗೇ ಸ್ಟುಡಿಯೋಗೆ ನುಗ್ಗಿದ್ದಾರೆ.

ಕಲಾವಿದರ ಖಾನೆಯಲ್ಲಂತೂ ಹಲವು ಹಾಡಿಗೆ ‘ಅದೇ ಹುಡುಗಿ’ ಅಂತಿದೆ. ಫೋನ್ ಮಾಡಿ ಕೇಳಿದೆ.

“ಚಿಕ್ಕಪ್ಪಾ, ಅದೇ ಹುಡುಗಿ ಅಂತ ಬರೆದಿದ್ದೀರಲ್ಲ, ಯಾವ ಹುಡುಗಿ?”

“ಹಿಂದಿನ ಹಾಡು ಹಾಡಿದ್ಳಲ್ಲ, ಅವಳೇ ಕಣೋ.”

“ಹಿಂದಿನ ಹಾಡು ಯಾವುದು?”

“ಕ್ಯಾಸೆಟ್ಟಲ್ಲಿ ಇದಕ್ಕಿಂತ ಮುಂಚೆ ಇತ್ತಲ್ಲ, ಅದು.”

ಕ್ಯಾಸೆಟ್ಟು ಈಗೆಲ್ಲಿದೆ? ಫೈಲುಗಳು ಅಕಾರಾದಿಯಲ್ಲಿ ಕೂತಿವೆ. ‘ಅದೇ ಹುಡುಗಿ’ಯ ಹಿಂದಿನ ಹಾಡಿನಲ್ಲಿ ಗಡಸು ಗಂಟಲಿನ ಗಂಡಸೊಬ್ಬ ಹಾಡುತ್ತಿದ್ದಾನೆ. ಅದಕ್ಕಿಂತ ಹಿಂದಿನದು ಬರೀ ಕೊಳಲು. ನನ್ನ ಫೋನಿನ ಪ್ಲೇಯರಿಗೆ ಮಾತ್ರ ಯಾವ ಅನುಮಾನವೂ ಇಲ್ಲ. ಅದು ‘ಅದೇ ಹುಡುಗಿ’ಯನ್ನು ದೊಡ್ಡ ಕಲಾವಿದೆ ಮಾಡಿ, ಅವಳಿಗೊಂದು ಪುಟ ಕೊಟ್ಟು, ಏಳೆಂಟು ಗಾಯಕಿಯರ ಹಾಡನ್ನೆಲ್ಲ ಅವಳ ಲೆಕ್ಕಕ್ಕೆ ಹಾಕಿದೆ. ಎಲ್ಲಿಂದಲೋ ಫೋಟೋ ಬೇರೆ ತಂದು ಅಂಟಿಸಿದೆ. ಫೋಟೋದಲ್ಲಿ ಇರುವವನಿಗೆ ಗಡ್ಡ ಇದೆ.

ಹಾಡಿನ ಬಗೆ ಬರೆಯುವಲ್ಲಿ ಚಿಕ್ಕಪ್ಪ ಇನ್ನೂ ಸ್ವತಂತ್ರರು. ‘ಮಳೆ ಬರುವಾಗ’, ‘ಬಸ್ಸಿನಲ್ಲಿ’, ‘ತಲೆನೋವಿದ್ದಾಗ ಬೇಡ’. ನಕ್ಕೆ ನಿಜ, ಆದರೆ ಆ ಐಡಿ3ಯ ಮೂಲ ಪಟ್ಟಿ ನೋಡಿದ ಮೇಲೆ ಚಿಕ್ಕಪ್ಪನೇ ವಾಸಿ ಅನ್ನಿಸಿತು. ಸೊನ್ನೆಯಿಂದ 79ರವರೆಗೆ ಒಟ್ಟು 80 ಬಗೆ. ಯುರೋಪಿನ ಕುಣಿತದ ಸಂಗೀತ ಪೋಲ್ಕಾಗೆ ನಂಬರಿದೆ, ಡೆತ್ ಮೆಟಲ್‌ಗೆ ಇದೆ, ಚೇಷ್ಟೆಗೂ ಒಂದು ನಂಬರಿದೆ. ಜನಪದಕ್ಕೆ ಇರಲಿಲ್ಲ! ಆಮೇಲೆ ವಿನ್ಆ್ಯಂಪ್ ಎಂಬ ಪ್ಲೇಯರಿನವರು ಪಟ್ಟಿ ಉದ್ದ ಮಾಡಿದಾಗ ಅದಕ್ಕೆ 80ನೇ ನಂಬರ್ ಸಿಕ್ಕಿತು. ಸೊನ್ನೆ ನಂಬರ್ ಅಮೆರಿಕದ ಕಪ್ಪುಜನರ ಅಳಲಿನ ಹಾಡಾದ ಬ್ಲೂಸ್‌ನದು. ಅಂದರೆ ಆ ಒಂದು ಬೈಟನ್ನು ಯಾರೂ ಮುಟ್ಟದೆ ಸೊನ್ನೆಯಾಗಿಯೇ ಬಿಟ್ಟರೆ ಹಾಡು ತಾನಾಗಿ ಬ್ಲೂಸ್ ಆಗುತ್ತದೆ. ಮಗುವನ್ನು ಮಲಗಿಸಲು ಅಜ್ಜಿ ಹಾಡಿದ ಲಾಲಿ ನನ್ನ ಡಿಸ್ಕಿನಲ್ಲಿ ಬ್ಲೂಸ್.

ಸರಿ, ಇನ್ನು ತಡೆಯಲಾರೆ ಅಂತ ಎಂಪಿ3ಟ್ಯಾಗ್ ಎಂಬ ಟ್ಯಾಗ್ ತಿದ್ದುವ ಸಾಫ್ಟ್‌ವೇರ್ ಹಾಕಿಕೊಂಡೆ. ಯಾವ ಫೈಲಿನಲ್ಲಿ ಯಾವ್ಯಾವ ಜಾತಿಯ ಟ್ಯಾಗ್ ಇದೆ ಅಂತ ಒಂದು ಕಾಲಮ್ಮಿನಲ್ಲಿ ತೋರಿಸುತ್ತದೆ. ಅರ್ಧ ಕಾಯಿಲೆ ಅಲ್ಲೇ ಗೊತ್ತಾಗುತ್ತದೆ. ತಿಳಿದವರ ಸಲಹೆ ಏನೆಂದರೆ, ಎಲ್ಲವನ್ನೂ 2.3, ಯುಟಿಎಫ್-16ಕ್ಕೆ ತಂದುಬಿಡಿ. ಹಳೇ ಪ್ಲೇಯರೂ ಓದುತ್ತದೆ, ಹೊಸದೂ ಓದುತ್ತದೆ, ಕನ್ನಡವೂ ಉಳಿಯುತ್ತದೆ. ಬಾಲದ ಟ್ಯಾಗ್ ಕಿತ್ತುಹಾಕಿ. ಏಪ್ ಕಿತ್ತುಹಾಕಿ. ಮಾಡಿದೆ. ಪರವಾಗಿಲ್ಲ, ಬಹುಮಟ್ಟಿಗೆ ದಾರಿಗೆ ಬಂತು.

‘ಕೊಳಲು’ ಎಂಬ ಆಲ್ಬಮ್ ಒಂದನ್ನು ಬಿಟ್ಟು. ಅದು ಮಾತ್ರ ಎರಡು ಸಲ ಕಾಣಿಸುತ್ತಿತ್ತು. ‘ಕೊಳಲು’, ಅದರ ಕೆಳಗೆ ಮತ್ತೊಂದು ‘ಕೊಳಲು’. ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದೆ. ಕೊನೆಯಲ್ಲಿ ಸ್ಪೇಸ್ ಏನಾದರೂ ಇದೆಯಾ ಅಂತ ನೋಡಿದೆ, ಇರಲಿಲ್ಲ. ಕನ್ನಡಕ ಒರೆಸಿ ನೋಡಿದೆ. ಆಮೇಲೆ ಗೊತ್ತಾಯಿತು: ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ‘ಕೊ’ ಬರೆಯಲು ಎರಡು ದಾರಿ. ‘ಕ’ಕ್ಕೆ ಒಕಾರವನ್ನು ಇಡಿಯಾಗಿ ಹಚ್ಚಬಹುದು. ಇಲ್ಲವೇ ಎಕಾರ ಒಂದು, ಊಕಾರ ಒಂದು ಅಂತ ಬಿಡಿಬಿಡಿಯಾಗಿಯೂ ಹಚ್ಚಬಹುದು. ಎರಡೂ ಒಂದೇ ಎಂದು ಭಾವಿಸಬೇಕು ಅಂತ ಯೂನಿಕೋಡಿನವರು ಬರೆದಿಟ್ಟಿದ್ದಾರೆ. ಪ್ಲೇಯರ್ ಅದನ್ನು ಓದಿರಲಿಲ್ಲ. ಕಣ್ಣಿಗೆ ಕಾಣದ ವ್ಯತ್ಯಾಸಕ್ಕಾಗಿ ಒಂದು ಭಾನುವಾರ ಹೋಯಿತು. ಅದನ್ನು ಮನೆಯವರಿಗೆ ವಿವರಿಸಲು ಹೋಗಬೇಡಿ. ನಾನು ಹೋಗಿದ್ದೆ.

ಬಾಲದ ಟ್ಯಾಗ್ ಕೀಳುವ ಮುಂಚೆ ಒಂದು ಸಲ ಅದರಲ್ಲಿ ಏನಿದೆ ನೋಡೋಣ ಅಂತ, ತಲೆಯ ಟ್ಯಾಗ್ ಓದಬೇಡ ಎಂದು ಟಿಕ್ ತೆಗೆದು ಪಟ್ಟಿ ತೆರೆದಿದ್ದೆ. ಬಹಳಷ್ಟು ಖಾಲಿ. ಒಂದು ಹಾಡಿನ ಟಿಪ್ಪಣಿಯಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕಪ್ಪ ಏನೋ ಕುಟ್ಟಿದ್ದರು. ‘ಇವಳು ಅಡಿಗೆ ಮಾಡುವಾಗ ಹಾಡುವ’. ಅಷ್ಟೇ. 30 ಅಕ್ಷರ ಮುಗಿದಿತ್ತು. ಚಿಕ್ಕಮ್ಮ ಹೋಗಿ ಕೆಲವು ವರ್ಷಗಳಾದವು. ಯಾವ ಪ್ಲೇಯರೂ ಇದನ್ನು ತೋರಿಸಿರಲಿಲ್ಲ, ಚಿಕ್ಕಪ್ಪನಿಗೂ ಬರೆದದ್ದು ನೆನಪಿದೆಯೋ ಇಲ್ಲವೋ. ಹಾಡು ಹಾಕಿದೆ. ಪೂರ್ತಿ ಕೇಳಿದೆ. ಆ ಫೈಲಿನ ಬಾಲ ಕೀಳಲಿಲ್ಲ. ಜೊತೆಗೆ ಆ ಸಾಲನ್ನು ತಲೆಯ ಟ್ಯಾಗಿನ ಟಿಪ್ಪಣಿಗೂ ಬರೆದೆ, ಹಾಗೇ, ಅರ್ಧಕ್ಕೇ. ಟಿಪ್ಪಣಿ ಯಾವ ಭಾಷೆಯದು ಅಂತ ಮೂರಕ್ಷರದ ಸಂಕೇತವನ್ನೂ ಬರೆಯಬೇಕು ಎಂಬುದು ಐಡಿ3ಯ ನಿಯಮ. ಸಾಫ್ಟ್‌ವೇರ್ ನನ್ನನ್ನು ಕೇಳದೆ ಇಂಗ್ಲಿಷ್ ಅಂತ ಹಾಕಿಕೊಂಡಿತು. ಇರಲಿ ಬಿಡಿ.

ಎಲ್ಲಾ ಅಚ್ಚುಕಟ್ಟು ಮಾಡಿದ ಮೇಲೆ ಒಂದು ಪೆನ್‌ಡ್ರೈವ್ ಚಿಕ್ಕಪ್ಪನಿಗೂ ಕಳಿಸಿದೆ. ಹಾಡಿನ ಹೆಸರು ಹಾಡಿನ ಜಾಗದಲ್ಲಿ, ಗಾಯಕಿಯರು ಅವರವರ ಹೆಸರಲ್ಲಿ, ಇಸವಿ ನಿಜವಾದದ್ದು. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ವಾರ ಕಳೆದು ಫೋನ್ ಬಂತು.

“ಏನೋ ಇದು, ಒಂದು ಹಾಡೂ ಸಿಗ್ತಾ ಇಲ್ಲ. ಮಳೆ ಬರುವಾಗ ಎಲ್ಲಿ ಹೋಯ್ತು?”

“ಚಿಕ್ಕಪ್ಪಾ, ಈಗ ಹಾಡಿನ ಹೆಸರಲ್ಲೇ ಹುಡುಕಬಹುದು.”

“ಹಾಡಿನ ಹೆಸರು ಗೊತ್ತಿದ್ದಿದ್ರೆ ಆವಾಗಲೇ ಬರೀತಿರಲಿಲ್ವಾ?”

ಇದಕ್ಕೆ ನಾನು ಏನೂ ಹೇಳಲಿಲ್ಲ.

“ನೀನೇನೂ ತಲೆ ಕೆಡಿಸ್ಕೋಬೇಡ. ಕೂತು ಎಲ್ಲಾ ಸರಿ ಮಾಡ್ತಾ ಇದ್ದೀನಿ. ಆದರೆ ಈ ಹೊಸ ಸಾಫ್ಟ್‌ವೇರ್ ನಾನು ಬರೆದದ್ದು ತಗೊಳ್ಳಲ್ಲ ಕಣೋ, ಪಟ್ಟಿಯಿಂದಲೇ ಆರಿಸಬೇಕಂತೆ. ಪಟ್ಟಿಯಲ್ಲಿ ಮಳೆ ಇರಲಿಲ್ಲ. ಪೋಲ್ಕಾ ಅಂತ ಇತ್ತು, ಹೆಸರು ಚೆನ್ನಾಗಿದೆ ಅಂತ ಎಲ್ಲದಕ್ಕೂ ಅದನ್ನೇ ಹಾಕಿದ್ದೀನಿ. ಏನೋ ಹಾಗಂದ್ರೆ?”