ರಾಶಿಗೆ ದರ, ಚಾಲಿಗೆ ಆನರ್ಸ್

"ಡಿಗ್ರಿ ಆತಲೇ ಕೂಸೆ, ಮತ್ತೆಂತಕ್ಕೆ ಕಾಲೇಜು?"

ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದ ಅಪ್ಪಯ್ಯ ಮೊಮ್ಮಗಳನ್ನು ಕೇಳಿದ. ಶಿರಸಿ ಬಸ್ಸಿಗೆ ಹೊರಟಿದ್ದ ಅಣ್ಣನ ಮಗಳು ಚಪ್ಪಲಿ ಮೆಟ್ಟುತ್ತಲೇ "ಆನರ್ಸು ಅಜ್ಜಾ" ಅಂದಳು. ಹಾಗಂದರೆ ಗೌರವ ಎಂದು ನಾನು ಅರ್ಥ ಹೇಳಿದ್ದೇ ತಪ್ಪಾಯಿತು.

"ಹಂಗಾರೆ ಮೂರು ವರ್ಷ ಓದಿದ್ದು ಮರ್ಯಾದೆ ಇಲ್ದೇ ಓದಿದ್ದಾ?"

2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದವರು ನಾವು ಎಂದು ಆಗಿನ ಸರ್ಕಾರ ಬೆನ್ನು ತಟ್ಟಿಕೊಂಡಿತ್ತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. ಅಪ್ಪಯ್ಯನಿಗೆ ಇದನ್ನು ತಿಳಿಸುವುದು ಕಷ್ಟವಾಗಲಿಲ್ಲ. ಹಸಿರಿದ್ದಾಗಲೇ ಕೊಯ್ದು ಬೇಯಿಸಿ ಒಣಗಿಸಿದರೆ ರಾಶಿ. ಮರದಲ್ಲೇ ಹಣ್ಣಾಗಲು ಬಿಟ್ಟು, ಒಂದೂವರೆ ತಿಂಗಳು ಅಂಗಳದ ಬಿಸಿಲಿಗೆ ಹಾಕಿ, ಮಂಗವನ್ನೂ ಮೋಡವನ್ನೂ ಕಾದು, ಆಮೇಲೆ ಸುಲಿದರೆ ಚಾಲಿ.

"ಅಂದ್ರೆ ಆನರ್ಸು ಚಾಲಿ."

"ಹೌದು."

"ದರ?"

ನಾನು ಸುಮ್ಮನಾದೆ. ಬೇಗ ಕೊಯ್ದ ರಾಶಿಗೇ ಚಾಲಿಗಿಂತ ದರ ಜಾಸ್ತಿ ಎಂಬುದು ನಮ್ಮ ಕೊಟ್ಟಿಗೆಯ ಕರುವಿಗೂ ಗೊತ್ತು.

ಕೂಸಿನ ಬ್ಯಾಚು ಮೂರನೇ ವರ್ಷದ ಕೊನೆಗೆ ಬಂದಿತ್ತು. 2024ರ ಮೇ ತಿಂಗಳಲ್ಲಿ, ರಾಜ್ಯಕ್ಕೆ ಬೇರೆಯದೇ ಶಿಕ್ಷಣ ನೀತಿ ರೂಪಿಸಲು ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ನೋಡಿ, ಈಗಿನ ಸರ್ಕಾರ ಡಿಗ್ರಿಯನ್ನು ಮತ್ತೆ ಮೂರೇ ವರ್ಷಕ್ಕೆ ಇಳಿಸಿತು. ಮೊದಲೇ ಸೇರಿದ್ದವರಲ್ಲಿ ಬೇಕಾದವರು ನಾಲ್ಕನೆಯದನ್ನೂ ಓದಬಹುದು ಎಂದಿತು. ಮದುವೆಮನೆಯಲ್ಲಿ ಎಲೆ ತೆಗೆದು, ತುಪ್ಪದ ಪಾತ್ರೆ ತೊಳೆದಿಟ್ಟು, ಅಡುಗೆಯವರು ಹೆಗಲ ಮೇಲೆ ಟವೆಲ್ ಹಾಕಿ ಹೊರಟ ಮೇಲೆ "ಇನ್ನೊಂದು ಹೋಳಿಗೆ ಬೇಕಾದವರು ದಾಕ್ಷಿಣ್ಯ ಮಾಡಬೇಡಿ" ಅಂದಂತೆ. ಮೂರೇ ಸಾಕು ಎಂಬ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಇಲ್ಲದವರ ಮನೆಯಲ್ಲಿ ಒಂದು ವರ್ಷ ಅಂದರೆ ಒಂದು ವರ್ಷದ ದುಡಿಮೆ. ಆದರೆ ಅದು 2021ರಲ್ಲೂ ಹಾಗೇ ಇತ್ತಲ್ಲ.

ಕೂಸು ಹೋಳಿಗೆಗೆ ಕೂತಳು. ಪಂಕ್ತಿಯಲ್ಲಿ ಒಟ್ಟು ಮೂರು ಜನ. ಸಿದ್ದಾಪುರದ ಬಸ್ಸು ತಪ್ಪಿದ ದಿನ ಹಾಜರಾತಿ ಮೂರನೇ ಒಂದು ಭಾಗ ಕುಸಿಯುತ್ತದೆ. ಪಾಠ ಮಾಡುವವರು ಅತಿಥಿ ಉಪನ್ಯಾಸಕರು. ಕೋರ್ಸೇ ಅತಿಥಿಯಾದ ಮೇಲೆ ಕಲಿಸುವವರು ಮನೆಯವರಾಗಿರಬೇಕು ಅನ್ನುವುದೂ ತಪ್ಪು. ಪರೀಕ್ಷೆಯ ಭಯ ಮಕ್ಕಳಿಗಿಂತ ಅವರಿಗೇ ಜಾಸ್ತಿ: ಈ ಮೂವರೂ ಪಾಸಾಗಿ ಹೋದರೆ ಮುಂದಿನ ವರ್ಷದ ವರ್ಕ್‌ಲೋಡಿಗೆ ಏನು ಗತಿ?

ಕಲಿತದ್ದು ಕಡಿಮೆ ಅಂತ ನಾನು ಹೇಳಲಾರೆ. ಮೊದಲು 'ಡಿಜಿಟಲ್ ಫ್ಲೂಯೆನ್ಸಿ' ಎಂಬ ಪೇಪರಿತ್ತು. ಅದಕ್ಕೆ ನೆಟ್‌ವರ್ಕ್ ಹುಡುಕುತ್ತ ಮೊಬೈಲು ಎತ್ತಿ ಹಿಡಿದು ಸೊಪ್ಪಿನ ಬೆಟ್ಟ ಹತ್ತುತ್ತಿದ್ದಳು. ಯೋಗ ಮತ್ತು ಆರೋಗ್ಯದ ಪೇಪರುಗಳೂ ಆ ಖರ್ಚಿನಲ್ಲೇ ಮುಗಿದವು.

ನಾಲ್ಕು ವರ್ಷ ಓದಿ ಶೇ 75 ಅಂಕ ತೆಗೆದರೆ ಎಂ.ಎ. ಇಲ್ಲದೆಯೂ ನೇರ ಪಿಎಚ್.ಡಿ.ಗೆ ಹೋಗಬಹುದು ಎಂದು ಯುಜಿಸಿಯ 2022ರ ನಿಯಮ ಹೇಳುತ್ತದೆ. ಅದನ್ನು ಅವಳು ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾಳೆ, ಕೇಳಿದವರಿಗೆಲ್ಲ ತೋರಿಸುತ್ತಾಳೆ. ಮೂರಕ್ಕೇ ಇಳಿದ ಗೆಳತಿ ಎಂ.ಎ. ಮೊದಲ ವರ್ಷ, ಇವಳು ಬಿ.ಎ. ಕೊನೇ ವರ್ಷ. ಇಬ್ಬರೂ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕೂತು ಹೋಗುತ್ತಾರೆ. ಯಾರು ಮುಂದೆ, ಯಾರು ಹಿಂದೆ ಎಂಬುದು ಕಂಡಕ್ಟರಿಗೂ ಬಗೆಹರಿದಿಲ್ಲ.

ಮೊನ್ನೆ ಯಾವುದೋ ಕೆಲಸಕ್ಕೆ ಆನ್‌ಲೈನ್ ಅರ್ಜಿ ತುಂಬಲು ಜಗಲಿಯಲ್ಲಿ ಕೂತಳು. ವಿದ್ಯಾರ್ಹತೆ ಎಂಬಲ್ಲಿ ಒತ್ತಿದರೆ ಪಟ್ಟಿ ಇಳಿಯಿತು: ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ, ಸ್ನಾತಕೋತ್ತರ ಪದವಿ, ಇತರೆ. ಎರಡು ಸಲ ಮೇಲೆ ಕೆಳಗೆ ಸರಿಸಿದಳು. ಗೌರವ ಎಲ್ಲೂ ಇರಲಿಲ್ಲ. ಕೊನೆಗೆ 'ಇತರೆ' ಒತ್ತಿದಳು.

ಅಪ್ಪಯ್ಯ ಕನ್ನಡಕ ಏರಿಸಿ, ಪೇಪರಿನ ಅಡಿಕೆ ಧಾರಣೆಯ ಮೇಲೆ ಬೆರಳಿಟ್ಟ. ರಾಶಿ, ತಟ್ಟಿಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು ದಾಟಿ, ಕಳಪೆ ಅಡಿಕೆಯಾದ ಕೋಕದ ಸಾಲಿನಲ್ಲಿ ಬೆರಳು ನಿಂತಿತು.

"ಕೋಕಕ್ಕೂ ಒಂದು ಸಾಲು ಇದ್ದಲೇ ಮಾರಾಯ್ತಿ."