ಬೆನ್ನ ಮೇಲೆ ಬೇಡಿ

ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದು ನನ್ನದೇ ತಪ್ಪು, ಒಪ್ಪಿಕೊಂಡಿದ್ದೇನೆ. ಆದರೂ ಭಾನುವಾರದಿಂದ ಬಕೆಟ್‌ನಲ್ಲಿ ನೆನೆಯುತ್ತಿರುವ ಆ ಅಂಗಿ ಕಣ್ಣಿಗೆ ಬಿದ್ದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಎರಡೇ ಸಲ ತೊಟ್ಟಿದ್ದು ಅದನ್ನ.

ಊರಿನ ಒಂದು ಮ್ಯೂಸಿಯಂನಲ್ಲಿ ಬೀದಿ ಚಿತ್ರಗಳ ಪ್ರದರ್ಶನ ಇದೆ, ಒಂದೇ ವಾರ ಅಂತ ವಾಟ್ಸ್ಯಾಪ್‌ನಲ್ಲಿ ಬಂತು. ನಮ್ಮ ಕಲಬುರಗಿ ಬಿಸಿಲಲ್ಲಿ ಬೀದಿಯಲ್ಲಿ ನಿಂತು ಚಿತ್ರ ನೋಡೋರು ಯಾರು? ಬೀದಿಯನ್ನೇ ನೆರಳಿಗೆ ತಂದಿದ್ದಾರಲ್ಲ, ಒಳ್ಳೇದಾಯ್ತು ಅಂದುಕೊಂಡು ಹೊರಟೆ. ಅಷ್ಟರಲ್ಲಿ ಕಾಕಾನೂ ಚಪ್ಪಲಿ ಮೆಟ್ಟಿದರು.

ನಮ್ಮ ಕಾಕಾ ಕನ್ನಡ ಮಾಸ್ತರು. ರಿಟೈರ್ ಆಗಿದ್ದು ಶಾಲೆಯಿಂದ ಮಾತ್ರ. ಬೀದಿಯಲ್ಲಿ ಕಾಣುವ ಪ್ರತಿ ಬೋರ್ಡನ್ನೂ ಗಟ್ಟಿಯಾಗಿ ಓದುತ್ತಾರೆ, ತಪ್ಪು ತಿದ್ದುತ್ತಾರೆ. ನೀರಿನ ಗಾಡಿಯ ಮೇಲಿನ 'ಶುದ್ದ'ಕ್ಕೆ ಸೀಮೆಸುಣ್ಣದಿಂದ ಒತ್ತಕ್ಷರದ ಹೊಟ್ಟೆ ಸೀಳಿ 'ಶುದ್ಧ' ಮಾಡಿ ಬಂದಿದ್ದಾರೆ. ಜೇಬಿನಲ್ಲಿ ಕೆಂಪು ಪೆನ್ನು ಇನ್ನೂ ಇದೆ. ಅವತ್ತೂ ಜಗತ್ ಸರ್ಕಲ್‌ನಲ್ಲಿ ಒಂದು ಹುಟ್ಟುಹಬ್ಬದ ಫ್ಲೆಕ್ಸ್ ಕೆಳಗೆ, ಹಿಂದೆ ಆಟೋಗಳು ಹಾರ್ನ್ ಹೊಡೆಯುತ್ತಿರುವಾಗ, ನಿಂತೇಬಿಟ್ಟರು. "ತಮ್ಮಾ, ನೋಡಿಲ್ಲಿ. ಶುಭಾಷಯ ಅಂತ ಬರ್ದಾರ. ಶ ಯಾವುದು ಷ ಯಾವುದು ಗೊತ್ತಿಲ್ಲ, ಇವನಿಗಿ ಹುಟ್ಟುಹಬ್ಬ ಬ್ಯಾರೆ!"

ಒಳಗೆ ಹೋದರೆ ಪ್ಲೈವುಡ್ ಗೋಡೆಗಳು, ಗೋಡೆ ತುಂಬ ಬಣ್ಣ. ದೊಡ್ಡ ರೆಕ್ಕೆ ಬರೆದ ಕಡೆ ಸೆಲ್ಫಿಗೆ ಸಾಲು. ಅದನ್ನು ದಾಟಿದರೆ ಒಂದು ಹಳೇ ಅಂಗಡಿ ಷಟರ್ ತಂದು ನಿಲ್ಲಿಸಿ ಅದರ ಮೇಲೆ ಹುಲಿ ಬರೆದಿದ್ದರು. ಹುಲಿಯ ಕಿವಿಯ ಹಿಂದೆ ಯಾವುದೋ ಹಳೇ ಅಕ್ಷರ, ಅರ್ಧ ಅಳಿಸಿದ್ದು. ಕಾಕಾ ಅದರ ಮೇಲೆ ಬೆರಳಾಡಿಸಿದರು. ಮಾತಾಡಲಿಲ್ಲ.

ನಾನು ಕನ್ನಡ ಓದಲು ಕಲಿತಿದ್ದೇ ಅವರ ಸೈಕಲ್ಲಿನ ಬಾರ್ ಮೇಲೆ ಕೂತು. ಬ್ರಹ್ಮಪುರದಿಂದ ಸೂಪರ್ ಮಾರ್ಕೆಟ್‌ವರೆಗೆ ಬೋರ್ಡ್ ಓದಿಸುತ್ತಾ ಹೋಗೋರು. ಪೇಂಟರ್ ಒಬ್ಬರು ಏಣಿ ಹತ್ತಿ, ದಾರ ಹಿಡಿದು ಗೆರೆ ಹಾಕಿ, ಎಡಗಡೆಯಿಂದ ಕನ್ನಡ ಬರೆಯುತ್ತಾ ಬರೋರು. ಆಮೇಲೆ ಏಣಿ ಆ ತುದಿಗೆ ಎಳೆದುಕೊಂಡು ಬಲಗಡೆಯಿಂದ ಉರ್ದು ಶುರು. ಎರಡೂ ನಡುವೆ ಬಂದು ಸೇರುವಾಗ ನಮಗೆ ಕೈ ತಟ್ಟಬೇಕು ಅನ್ನಿಸೋದು. ಆಗ ಕಾಕಾ ತಪ್ಪು ಹುಡುಕುತ್ತಿರಲಿಲ್ಲ. ಅವರ ಜೊತೆ ಚಹಾ ಕುಡಿಯುತ್ತಿದ್ದರು. ಈಗ ಫ್ಲೆಕ್ಸ್ ಒಂದು ತಾಸಿನಲ್ಲಿ ಕೈಗೆ ಸಿಗುತ್ತದೆ, 'ಶುಭಾಷಯ' ಸಮೇತ.

ಮುಂದೆ ಒಂದು ಆರಡಿ ಹಲಗೆ. ಅದರ ಮೇಲೆ ಅಕ್ಷರಗಳೋ ಹಾವುಗಳೋ ಗೊತ್ತಾಗದಂಥದ್ದೇನೋ. ಒಂದರ ಸೊಂಡಿಯಿಂದ ಬಾಣ, ಬಾಣಕ್ಕೆ ಬಾಲ, ಬಾಲಕ್ಕೆ ನೆರಳು. ಕಾಕಾ ಕನ್ನಡಕ ಏರಿಸಿದರು. "ಇದು ಒ ಏನು? ಅಲ್ಲ, ಬ? ತಡಿ, ಕೊಕ್ಕೆ ಎಲ್ಲದ?" ಎರಡು ಹೆಜ್ಜೆ ಹಿಂದೆ ಹೋದರು. ತಲೆ ಓರೆ ಮಾಡಿದರು. ಒಂದು ಕಣ್ಣು ಮುಚ್ಚಿದರು. ಕಾಲೇಜು ಹುಡುಗ ಒಬ್ಬ, "ಅಂಕಲ್, ಇದನ್ನ ಓದಬಾರದ್ರಿ, ಫೀಲ್ ಮಾಡ್ಬೇಕು" ಅಂದ. ಕಾಕಾಗೆ ಅವಮಾನವಾಯಿತು. ಪಕ್ಕದ ಗೋಡೆಯಲ್ಲಿ ಕನಗನಹಳ್ಳಿ ಶಿಲ್ಪದ ಫೋಟೊ ಇತ್ತು. ರಾಣಿಯರ ಜೊತೆ ನಿಂತ ಅಶೋಕ. ಹೆಸರು ಬ್ರಾಹ್ಮಿ ಲಿಪಿಯಲ್ಲಿ. "ರಾ, ಯೋ, ಅ, ಸೋ, ಕೋ" ಅಂತ ಅದನ್ನು ಥಟ್ಟನೆ ಓದಿ ಹುಡುಗನ ಕಡೆ ತಿರುಗಿದರು. "ಭೀಮಾ ದಂಡಿ ಮ್ಯಾಲ ಸುಮಾರು 2,000 ವರ್ಷದ ಹಿಂದ ಬರ್ದದ್ದು. ಓದ್ಲಿಕ್ಕ ಬರ್ತದ. ನಿಮ್ದು ಈ ವಾರದ್ದು!"

ಇಪ್ಪತ್ತು ನಿಮಿಷ ಆಯಿತು. ಇದ್ದ ಒಂದೇ ಕುರ್ಚಿಯಲ್ಲಿ ವಾಚ್‌ಮನ್ ಕೂತಿದ್ದ. ಕಾಕಾ ಇನ್ನೂ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿದ್ದರು. ನನ್ನ ಕಾಲು ನೋಯುತ್ತಿತ್ತು. ಹಲಗೆಯ ಆ ತುದಿಗೆ ಹೋಗಿ, ಸುಮ್ನೆ, ಒರಗಿ ನಿಂತೆ.

ವಾಪಸ್ ಬರುವಾಗ ಮಿರ್ಚಿ ಬಂಡಿ ಹತ್ತಿರ ಗೊತ್ತಾಯಿತು. "ಅಣ್ಣಾ, ಬೆನ್ನಿಗಿ ಏನೋ ಬರ್ದಾರ" ಅಂದ ಬಂಡಿಯವ. ಅಂಗಿ ಮುಟ್ಟಿದರೆ ಗಟ್ಟಿಯಾಗಿತ್ತು, ಬಿಸಿಲಿಗೆ ಒಣಗಿಯೇ ಹೋಗಿತ್ತು. "ಏನು ಬರೆದಿದೆ?" "ತೆಲುಗು ಇದ್ದಂಗದ." ಪಕ್ಕದವರು ತಮಗೆ ತೆಲುಗು ಬರುತ್ತದೆ, ಇದು ತೆಲುಗಲ್ಲ ಅಂದರು. ನಾಲ್ಕು ಜನ ಸೇರಿದರು. ಕಾಕಾ ಮಿರ್ಚಿ ಹಿಡಿದ ಕೈಯಲ್ಲೇ ನನ್ನನ್ನು ಬಲ್ಬಿನ ಬೆಳಕಿಗೆ ತಿರುಗಿಸಿದರು. ಓದಲು ಬರಲಿಲ್ಲ. ಒಂದೇ ದಿನ ಎರಡು ಸಲ ಸೋತ ಮುಖ ನೋಡಿ ನನಗೆ ಅಂಗಿಗಿಂತ ಅವರ ಬಗ್ಗೆಯೇ ಜಾಸ್ತಿ ಬೇಜಾರಾಯಿತು.

ಮನೆಗೆ ಬಂದು ಅಂಗಿ ಬಿಚ್ಚುವ ಮುಂಚೆ ಕನ್ನಡಿಗೆ ಬೆನ್ನು ಕೊಟ್ಟು ಕತ್ತು ತಿರುಗಿಸಿದೆ. ಬಾಣ, ಬಾಲ, ನೆರಳು ಮೊದಲೇ ಒಣಗಿದ್ದವು ಅಂತ ಕಾಣುತ್ತದೆ, ಅವು ಯಾವುವೂ ಅಂಟಿರಲಿಲ್ಲ. ಕನ್ನಡಿಯಲ್ಲಿ, ಹಸಿರು ಬಣ್ಣದಲ್ಲಿ, ಒಂದನೇ ಕ್ಲಾಸಿನ ಮಗು ಕೂಡ ಓದುವ ಹಾಗೆ ಎರಡಕ್ಷರ. 'ಬೇಡಿ.'

ಅಂದರೆ ಅದು ಚಿತ್ರವಲ್ಲ, ಎಚ್ಚರಿಕೆ. ಎಚ್ಚರಿಕೆಯನ್ನು ಯಾರಾದರೂ ಹಾಗೆ ಬರೆಯುತ್ತಾರಾ? ನಾನು ಕೂಗಾಡುತ್ತಿದ್ದರೆ ಕಾಕಾ ಕನ್ನಡಿ ಮುಂದೆ ಬಂದು ನಿಂತರು. "ಏತ್ವ, ದೀರ್ಘ, ಎಲ್ಲಾ ಸರಿ ಅದ" ಅಂತ ತೃಪ್ತಿಯಿಂದ ತಲೆಯಾಡಿಸಿದರು. "ಸನ್ನತಿಯಾಗ 1986ರಾಗ ಗುಡಿ ಛಾವಣಿ ಬಿದ್ದಾಗ ಗೊತ್ತಾಯ್ತು, ಅಶೋಕನ ಶಾಸನದ ಕಲ್ಲೇ ಕಾಳಿ ಮೂರ್ತಿಗಿ ಪೀಠ ಆಗಿತ್ತಂತ. ಓದ್ಲಿಕ್ಕ ಬರ್ಲಿಲ್ಲಂದ್ರ ಹಂಗೇ ತಮ್ಮಾ. ಅವರು ದೇವಿನ್ನ ಇಟ್ರು, ನೀ ಬೆನ್ನಿಟ್ಟಿ."

ಹೆಂಡತಿ ಟರ್ಪೆಂಟೈನ್ ಹಾಕಿ ಉಜ್ಜಿದಳು, ನಿಂಬೆಹಣ್ಣು ಹಾಕಿದಳು, ಸೋಡಾ ಹಾಕಿದಳು. ಹಸಿರು ಈಗ ಕಾಲರ್‌ವರೆಗೂ ಹಬ್ಬಿದೆ.

ಕಾಕಾಗೆ ಬೇರೆ ಚಿಂತೆ. ಮುಟ್ಟಬೇಡಿಯೋ, ಒರಗಬೇಡಿಯೋ, ನಿಲ್ಲಬೇಡಿಯೋ? ಎರಡು ದಿನದಿಂದ ನಿದ್ದೆ ಇಲ್ಲ. ಇವತ್ತು ಬೆಳಗ್ಗೆ ಚಹಾ ಕುಡಿಯುತ್ತಾ ಹೇಳಿದರು: "ನಾಳಿಗಿ ಕಡೀ ದಿನ ಅಂತ. ಇನ್ನರ್ಧ ಓದಿ ಬರೋಣು ನಡಿ. ಕರೇ ಅಂಗಿ ಹಾಕ್ಕೋ."